ಕವಾಟ ಸರಿಹೋಯಿತು, ಕೆಮ್ಮೇಕೆ ನಿಂತಿಲ್ಲ?

ಪ್ರಶ್ನೆ: ನನಗೆ 52 ವರ್ಷ. ಊರು ಕುಂದಾಪುರದ ಹತ್ತಿರ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವನು, ಈಗ ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ, ಮನೆ ಡೊಂಬಿವಲಿಯಲ್ಲಿ. ಎಂಟು ವರ್ಷಗಳಿಂದ ಎದೆಯುರಿ, ಹುಳಿತೇಗು ಇದ್ದವು. ಆಮೇಲೆ ರಾತ್ರಿ ಕೆಮ್ಮು ಶುರುವಾಗಿ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವಂತಾಯಿತು. ಉಬ್ಬಸವೆಂದು ಇನ್‌ಹೇಲರ್ ಕೊಟ್ಟರು; ಎರಡು ಸಲ ನ್ಯುಮೋನಿಯಾವೂ ಆಯಿತು. ಕೊನೆಗೆ ಹೈಟಸ್ ಹರ್ನಿಯಾ ಇರುವುದು ಪತ್ತೆಯಾಗಿ, ಐದು ವಾರಗಳ ಹಿಂದೆ ಲ್ಯಾಪರೋಸ್ಕೋಪಿಯಲ್ಲಿ ಫಂಡೋಪ್ಲಿಕೇಶನ್ ಶಸ್ತ್ರಚಿಕಿತ್ಸೆ ಮಾಡಿದರು. ಎದೆಯುರಿ ಅಂದೇ ಹೋಯಿತು. ಆದರೆ ಕೆಮ್ಮು ಅರ್ಧ ಮಾತ್ರ ಕಡಿಮೆಯಾಗಿದೆ. ಊಟವಾದ ಮೇಲೆ ಉಸಿರು ಬಿಗಿಯುತ್ತದೆ, ಅನ್ನ ಎದೆಯ ನಡುವೆ ನಿಂತುಬಿಡುತ್ತದೆ, ತೂಕ 6 ಕಿಲೋ ಇಳಿದಿದೆ. ಆಪರೇಷನ್ ಆದಮೇಲೂ ಇನ್‌ಹೇಲರ್ ಏಕೆಂದು ಮನೆಯವರು ಕೇಳುತ್ತಾರೆ. ಆಪರೇಷನ್ ವ್ಯರ್ಥವಾಯಿತೇ? ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವುದು ಯಾವಾಗ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಮಾತೆಂದರೆ, ಎದೆಯುರಿ ಅಂದೇ ಹೋಯಿತು ಎಂಬುದು. ಶಸ್ತ್ರವೈದ್ಯರು ಕಟ್ಟಿದ ಕವಾಟ ತನ್ನ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಐದನೆಯ ವಾರದಲ್ಲಿ ಇದಕ್ಕಿಂತ ಒಳ್ಳೆಯ ಸೂಚನೆ ಮನೆಯಲ್ಲಿ ಕೂತವರಿಗೆ ಸಿಗುವುದಿಲ್ಲ. ವ್ಯರ್ಥವಾಯಿತೆಂದು ತೀರ್ಮಾನಿಸುವ ಕಾಲ ಇದಲ್ಲ. ಅನ್ನನಾಳದ ಉರಿ ಆರುವುದಕ್ಕೂ ಶ್ವಾಸನಾಳದ ಕೆರಳಿಕೆ ಆರುವುದಕ್ಕೂ ಬೇರೆ ಬೇರೆ ಲೆಕ್ಕವಿದೆ, ಎರಡನೆಯದರ ಲೆಕ್ಕ ತಿಂಗಳುಗಳದ್ದು.

ನಿಮ್ಮ ಹೊಟ್ಟೆಯೊಳಗೆ ನಡೆದದ್ದೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ತೆರೆಗೆ ವಪೆ ಎನ್ನುತ್ತೇವೆ; ಅನ್ನನಾಳವು ಎದೆಯಿಂದ ಹೊಟ್ಟೆಗೆ ಇಳಿಯಲು ಅದರಲ್ಲಿ ಒಂದು ಕಿಂಡಿಯಿದೆ. ಆ ಕಿಂಡಿ ಸಡಿಲವಾಗಿ ಜಠರದ ಮೇಲ್ಭಾಗ ಎದೆಯೊಳಕ್ಕೆ ಜಾರಿದರೆ ಅದೇ ಹೈಟಸ್ ಹರ್ನಿಯಾ. ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನು ಕೆಳಗೆಳೆದು, ಕಿಂಡಿಯನ್ನು ಹೊಲಿಗೆಯಿಂದ ಕಿರಿದುಮಾಡಿ, ಜಠರದ ಮೇಲ್ತುದಿಯನ್ನೇ ಅನ್ನನಾಳದ ಕೆಳತುದಿಗೆ ಮಫ್ಲರಿನಂತೆ ಸುತ್ತಿ ಹೊಲಿಯುತ್ತಾರೆ. ಇದೇ ಫಂಡೋಪ್ಲಿಕೇಶನ್; ಆ ಸುತ್ತನ್ನೇ ನಾನು ಕವಾಟ ಎನ್ನುತ್ತಿರುವುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ 1955ರಲ್ಲಿ ಆಮ್ಲದ ಹಿಮ್ಮರಳಿಕೆಗಾಗಿ ಇದನ್ನು ಮೊದಲು ಮಾಡಿದರು. ಅವರದು ಪೂರ್ತಿ 360 ಡಿಗ್ರಿಯ ಸುತ್ತು. 1963ರಲ್ಲಿ ಫ್ರಾನ್ಸಿನ ಟೂಪೆ ಹಿಂಬದಿಯಿಂದ ಭಾಗಶಃ ಸುತ್ತುವ ಕ್ರಮವನ್ನು ತಂದರು. 1991ರಿಂದೀಚೆಗೆ ಇದು ಲ್ಯಾಪರೋಸ್ಕೋಪಿಯಲ್ಲಿ ನಡೆಯುತ್ತಿರುವುದರಿಂದ ಚರ್ಮದ ಮೇಲೆ ನಾಲ್ಕೈದು ಸಣ್ಣ ಗಾಯಗಳಷ್ಟೇ ಉಳಿಯುತ್ತವೆ. ಆ ಗಾಯಗಳು ಸಣ್ಣವಾಗಿರುವುದರಿಂದಲೇ ಮನೆಯವರಿಗೆ, ಕೆಲವೊಮ್ಮೆ ರೋಗಿಗೂ, ಒಳಗೆ ದೊಡ್ಡ ಕೆಲಸ ನಡೆದಿದೆ ಎಂಬುದು ಮರೆತುಹೋಗುತ್ತದೆ. ನಿಮ್ಮ ಡಿಸ್ಚಾರ್ಜ್ ಕಾಗದದಲ್ಲಿ ಯಾವ ಬಗೆಯ ಸುತ್ತು ಎಂದು ಬರೆದಿರುತ್ತಾರೆ, ಅದನ್ನು ಜೋಪಾನವಾಗಿಡಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಅವರು ಮೊದಲು ಕೇಳುವುದು ಅದನ್ನೇ.

ಇನ್ನು ಕೆಮ್ಮಿನ ವಿಷಯ. ಜಠರದ ರಸ ಉಸಿರಾಟವನ್ನು ಕೆಡಿಸುವುದು ಎರಡು ದಾರಿಯಲ್ಲಿ. ಒಂದು ನೇರದ ದಾರಿ: ಮಲಗಿದಾಗ ಮೇಲೆ ಬಂದ ರಸದ ಹನಿಗಳು ಧ್ವನಿಪೆಟ್ಟಿಗೆಯನ್ನು ದಾಟಿ ಶ್ವಾಸಕೋಶಕ್ಕೆ ಇಳಿಯುತ್ತವೆ; ನಿಮ್ಮ ಎರಡು ನ್ಯುಮೋನಿಯಾಗಳ ಹಿಂದೆ ಇದೇ ಇದ್ದಿರಬಹುದು. ಇನ್ನೊಂದು ನರದ ದಾರಿ: ಗರ್ಭದಲ್ಲಿ ಅನ್ನನಾಳವೂ ಶ್ವಾಸನಾಳವೂ ಒಂದೇ ಕೊಳವೆಯಿಂದ ಕವಲೊಡೆದವು, ಎರಡಕ್ಕೂ ವೇಗಸ್ ನರದ ಎಳೆಗಳು ಹರಡಿವೆ. ಅನ್ನನಾಳದ ಕೆಳಭಾಗಕ್ಕೆ ಆಮ್ಲ ತಗುಲಿದರೆ ಸಾಕು, ಒಂದು ಹನಿಯೂ ಮೇಲಕ್ಕೆ ಬರದಿದ್ದರೂ ಶ್ವಾಸನಾಳಗಳು ಸೆಟೆದುಕೊಳ್ಳುತ್ತವೆ. ವರ್ಷಗಟ್ಟಲೆ ಹೀಗೆ ಕೆರಳಿದ ನರ ಆಮೇಲೆ ಅತಿಸೂಕ್ಷ್ಮವಾಗುತ್ತದೆ. ಆಮ್ಲ ನಿಂತ ಮೇಲೂ ತಣ್ಣನೆಯ ಗಾಳಿ, ಒಗ್ಗರಣೆಯ ಘಾಟು, ಜೋರು ಮಾತು, ಇಷ್ಟಕ್ಕೇ ಕೆಮ್ಮು ಬರುತ್ತದೆ. ಇದು ತಗ್ಗಲು ಮೂರರಿಂದ ಆರು ತಿಂಗಳು ಹಿಡಿಯುವುದು ಅಪರೂಪವಲ್ಲ. ಅರ್ಧ ಕಡಿಮೆಯಾಗಿದೆ ಎಂದು ನೀವೇ ಬರೆದಿದ್ದೀರಿ. ಐದು ವಾರಕ್ಕೆ ಅದು ಸಣ್ಣ ಲಾಭವಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಲಾರೆ. ಈ ಶಸ್ತ್ರಚಿಕಿತ್ಸೆ ಎದೆಯುರಿಯನ್ನು ನೀಗಿಸುವಷ್ಟು ಖಚಿತವಾಗಿ ಕೆಮ್ಮನ್ನೂ ಉಬ್ಬಸವನ್ನೂ ನೀಗಿಸುವುದಿಲ್ಲ. ಉಬ್ಬಸಕ್ಕೆ ಅದರದೇ ಬೇರುಗಳಿರಬಹುದು, ಆಮ್ಲ ಅದಕ್ಕೆ ಗೊಬ್ಬರ ಮಾತ್ರ ಆಗಿದ್ದಿರಬಹುದು.

ಆದ್ದರಿಂದಲೇ ಇನ್‌ಹೇಲರ್ ನಿಲ್ಲಿಸಬೇಡಿ. ಮನೆಯವರ ಪ್ರಶ್ನೆ ಸಹಜವೇ, ಆದರೆ ಆಪರೇಷನ್ ಆದದ್ದು ಜಠರಕ್ಕೆ, ಔಷಧ ಹೋಗುತ್ತಿರುವುದು ಶ್ವಾಸನಾಳಕ್ಕೆ. ಉಬ್ಬಸ ಸುಮಾರು ಮೂರು ತಿಂಗಳು ಹತೋಟಿಯಲ್ಲಿ ಉಳಿದ ಮೇಲೆ ಎದೆರೋಗದ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ನೀವಾಗಿಯೇ ಒಂದು ದಿನ ಬಿಟ್ಟುಬಿಟ್ಟರೆ ಕೆಮ್ಮು ಹೆಚ್ಚುತ್ತದೆ, ಕೆಮ್ಮು ಹೆಚ್ಚಿದರೆ ಹೊಸ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿರಿ. ಇಲ್ಲವಾದರೆ ಬಾಯಿ, ಗಂಟಲುಗಳಲ್ಲಿ ಬಿಳಿಯ ಬೂಷ್ಟು ಬೆಳೆದು, ನುಂಗುವಾಗ ನೋವಾಗಿ, ಅದನ್ನೂ ಆಪರೇಷನ್ನಿನ ತಲೆಗೆ ಕಟ್ಟುತ್ತೀರಿ. ಉಬ್ಬಸಕ್ಕೆಂದು ಥಿಯೋಫಿಲಿನ್ ಬಗೆಯ ಹಳೆಯ ಮಾತ್ರೆಯೇನಾದರೂ ಮನೆಯಲ್ಲಿ ಉಳಿದಿದ್ದರೆ ವೈದ್ಯರಿಗೆ ತೋರಿಸಿ, ಏಕೆಂದರೆ ಅದು ಅನ್ನನಾಳದ ಕೆಳಗಿನ ಸ್ನಾಯುವನ್ನು ಸಡಿಲಿಸುವ ಔಷಧ.

ಊಟದ ನಂತರ ಉಸಿರು ಬಿಗಿಯುವುದಕ್ಕೆ ಈಗ ಆಮ್ಲಕ್ಕಿಂತ ಗಾಳಿಯೇ ಕಾರಣವಾಗಿರುವ ಸಂಭವ ಹೆಚ್ಚು. ಬಿಗಿಯಾದ ಕವಾಟ ತೇಗನ್ನೂ ತಡೆಯುತ್ತದೆ. ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ ವಪೆಯನ್ನು ಮೇಲಕ್ಕೊತ್ತಿದಾಗ ಪೂರ್ತಿ ಉಸಿರು ಎಳೆಯಲು ಆಗುವುದಿಲ್ಲ. ಪರಿಹಾರ ಸರಳ, ಪಾಲಿಸುವುದು ಕಷ್ಟ: ಮೂರು ಊಟವನ್ನು ಆರು ಪಾಲಾಗಿ ಮಾಡಿ, ಒಂದೊಂದು ಪಾಲೂ ಒಂದು ಸಣ್ಣ ಬಟ್ಟಲನ್ನು ಮೀರದಿರಲಿ, ಉಂಡ ಮೇಲೆ ಕೂರದೆ ಚಾಳಿನ ಉದ್ದಕ್ಕೋ ಕಟ್ಟಡದ ಅಂಗಳದಲ್ಲೋ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಊಟಕ್ಕೆ ಸಂಬಂಧವಿಲ್ಲದೆ, ಮೆಟ್ಟಿಲು ಹತ್ತಿದಾಗಲೂ ಸುಮ್ಮನಿದ್ದಾಗಲೂ ಏದುಸಿರು ಬಂದರೆ ಅದು ಬೇರೆ ಮಾತು. ಆಗ ಎದೆಯ ಎಕ್ಸ್‌ರೇ, ಇಸಿಜಿ, ಉಸಿರಿನ ಪರೀಕ್ಷೆ ಮೂರೂ ಬೇಕಾಗುತ್ತವೆ. 52ರ ವಯಸ್ಸಿನಲ್ಲಿ ಹೃದಯವನ್ನು ಬಿಟ್ಟು ಯೋಚಿಸುವುದು ಸರಿಯಲ್ಲ. ಒಂದು ನೋಟುಪುಸ್ತಕದಲ್ಲಿ ಉಸಿರು ಬಿಗಿದ ಹೊತ್ತು, ಅದಕ್ಕೆ ಮುಂಚೆ ತಿಂದದ್ದು, ಆಗ ಮಾಡುತ್ತಿದ್ದ ಕೆಲಸ ಇವನ್ನು ಬರೆದಿಡಿ. ಗಲ್ಲಾದಲ್ಲಿ ಕೂತು ಲೆಕ್ಕ ಬರೆದ ಕೈಗೆ ಇದು ಕಷ್ಟವಾಗಲಾರದು, ವೈದ್ಯರ ಹತ್ತು ಪ್ರಶ್ನೆಗಳಿಗೆ ಅದೊಂದೇ ಉತ್ತರ ಕೊಡುತ್ತದೆ.

ಅನ್ನ ಎದೆಯಲ್ಲಿ ನಿಲ್ಲುವುದು ಬಾವಿನಿಂದ. ಹೊಲಿದ ಜಾಗ ಊದಿಕೊಂಡಿರುವಾಗ ಆರು ವಾರ, ಕೆಲವರಲ್ಲಿ ಹನ್ನೆರಡು ವಾರ, ಗಟ್ಟಿ ಆಹಾರ ತಡೆದು ತಡೆದು ಇಳಿಯುತ್ತದೆ. ಆಸ್ಪತ್ರೆಯ ಆಹಾರದ ಚೀಟಿಯಲ್ಲಿ ಸಾಮಾನ್ಯವಾಗಿ ಸೂಪು, ಕಸ್ಟರ್ಡು ಎಂದೆಲ್ಲ ಬರೆದಿರುತ್ತದೆ. ಅದನ್ನು ಓದಿ ಕಂಗಾಲಾಗುವ ನಮ್ಮವರ ಅಡುಗೆಮನೆಯಲ್ಲೇ ಈ ಕಾಯಿಲೆಗೆ ಹೇಳಿ ಮಾಡಿಸಿದ ಊಟವಿದೆ. ಕುಚ್ಚಲಕ್ಕಿಯ ಗಂಜಿಯನ್ನು ಇನ್ನಷ್ಟು ಬೇಯಿಸಿ ಕಿವುಚಿ ತಿಳಿಯೊಂದಿಗೆ ಕುಡಿಯಬಹುದು. ಗಂಟಿಲ್ಲದ ರಾಗಿ ಅಂಬಲಿ, ಖಾರವಿಲ್ಲದ ತೊವ್ವೆ, ತಂಬುಳಿ, ಕಡೆದ ಮಜ್ಜಿಗೆ, ಬೇಯಿಸಿ ನುರಿದ ಸಿಹಿಗುಂಬಳ ಎಲ್ಲವೂ ಆಗುತ್ತವೆ. ತೂಕ 6 ಕಿಲೋ ಇಳಿದಿರುವುದರಿಂದ ನೀರುನೀರಾದ ತಿಳಿಸಾರಿನಲ್ಲೇ ಹೊಟ್ಟೆ ತುಂಬಿಸಬೇಡಿ; ಗಂಜಿಗೆ ಹೆಸರುಬೇಳೆ ಸೇರಿಸಿ, ಹಾಲು ಒಗ್ಗುವುದಾದರೆ ಅದರಲ್ಲಿ ರಾಗಿ ಕುದಿಸಿ, ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಮಸೆದು ತಿನ್ನಿ. ಮೊದಲ ಒಂದೆರಡು ತಿಂಗಳಲ್ಲಿ ಇಷ್ಟು ತೂಕ ಇಳಿಯುವುದನ್ನು ನಾವು ಕಾಣುತ್ತೇವೆ, ಆದರೆ ಅದು ಇನ್ನೂ ಇಳಿಯುತ್ತಲೇ ಹೋಗಬಾರದು.

ಐದನೆಯ ವಾರಕ್ಕೆ, ನಿಮ್ಮ ಶಸ್ತ್ರವೈದ್ಯರು ಒಪ್ಪಿದ್ದರೆ, ಬಿಸಿ ಇಡ್ಲಿಯನ್ನು ಬೇಳೆಯ ತಿಳಿಯಲ್ಲಿ ಪೂರ್ತಿ ನೆನೆಸಿ ಕಿವುಚಿ ತಿನ್ನಬಹುದು. ಒಣಗಿದ ಉದುರು ಅನ್ನ ಬೇಡ. ನಿಮ್ಮ ಎದೆಯಲ್ಲಿ ನಿಲ್ಲುತ್ತಿರುವುದು ಅದೇ ಇರಬೇಕು. ನೀರುದೋಸೆ ಮೆತ್ತಗಿದ್ದರೂ ಅಂಟುತ್ತದೆ, ಅದು ಇನ್ನೂ ಸ್ವಲ್ಪ ದಿನ ಕಾಯಲಿ. ಚಪಾತಿ, ಜೋಳದ ರೊಟ್ಟಿ, ಕೋಳಿ, ಕುರಿಮಾಂಸ ಎಲ್ಲಕ್ಕಿಂತ ಕೊನೆಗೆ. ಇನ್ನು ಮುಂಬಯಿಯಲ್ಲಿ ಕುಳಿತು ಹೇಳಲೇಬೇಕಾದ ಒಂದು ಪದಾರ್ಥವೆಂದರೆ ಪಾವ್. ಬಾಯಲ್ಲಿ ಮೆತ್ತಗಿದ್ದು, ಎಂಜಲು ಹೀರಿ, ನುಂಗುವ ಹೊತ್ತಿಗೆ ಹಿಟ್ಟಿನ ಉಂಡೆಯಾಗಿ ಹೊಸ ಕವಾಟದ ಬಾಗಿಲಲ್ಲಿ ಕೂರುವ ವಸ್ತು ಅದು. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್ ತಿಂದು, ಎದೆ ಹಿಡಿದುಕೊಂಡು ಹೃದಯಾಘಾತವೆಂದು ಹೆದರಿ ಕ್ಯಾಶುವಾಲ್ಟಿಗೆ ಓಡುವ ಪ್ರಸಂಗವನ್ನು ನೀವು ತಂದುಕೊಳ್ಳಬೇಡಿ. ತುತ್ತು ಸಿಕ್ಕಿಕೊಂಡರೆ ಮೇಲಿಂದ ಗಟಗಟ ನೀರು ಕುಡಿಯದೆ, ಎದ್ದು ನಿಂತು, ಉಸಿರು ನಿಧಾನಗೊಳಿಸಿ, ಅದು ಇಳಿಯುವವರೆಗೆ ಕಾಯಿರಿ. ಮೂರು ತಿಂಗಳು ಕಳೆದರೂ ಹೀಗೆಯೇ ಆದರೆ ಎಂಡೋಸ್ಕೋಪಿಯಲ್ಲಿ ಬಲೂನಿನಿಂದ ಆ ಜಾಗವನ್ನು ಹಿಗ್ಗಿಸುವ ದಾರಿ ಇದೆ.

ಕೆಲಸಕ್ಕೆ ಮರಳುವ ವಿಷಯ. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರ ಸಾಕೆಂದು ಪುಸ್ತಕಗಳು ಹೇಳುತ್ತವೆ, ಆದರೆ ಆ ಪುಸ್ತಕ ಬರೆದವರು ಬೆಳಗ್ಗೆ ಎಂಟರ ಫಾಸ್ಟ್ ಲೋಕಲ್ಲನ್ನು ಡೊಂಬಿವಲಿಯಲ್ಲಿ ಹತ್ತಿದವರಲ್ಲ. ನಿಮಗಿರುವ ಅಪಾಯ ಗಲ್ಲಾದ್ದಲ್ಲ, ಬಾಗಿಲಿನ ನೂಕುನುಗ್ಗಲಿನದು. ಹೊಟ್ಟೆಯ ಮೇಲೆ ಮೊಣಕೈ ಬೀಳುವುದು, ಓಡಿ ಹತ್ತುವುದು, ತಲೆಯ ಮೇಲಿನ ಹಲಗೆಗೆ ಭಾರದ ಚೀಲ ಎತ್ತುವುದು ಇವುಗಳನ್ನು ಆರರಿಂದ ಎಂಟು ವಾರ ಮುಗಿಯುವವರೆಗೆ ದೂರವಿಡಿ. 5 ಕಿಲೋಗಿಂತ ಹೆಚ್ಚಿನದನ್ನು ಆ ಅವಧಿಯಲ್ಲಿ ಎತ್ತಬಾರದು. ಹೋಟೆಲಿನ ಯಜಮಾನರನ್ನು ಕೇಳಿ ಹನ್ನೊಂದರ ನಂತರದ ಪಾಳಿ ಮಾಡಿಕೊಂಡು, ನಿಧಾನದ ಗಾಡಿಯಲ್ಲಿ ಹೋದರೆ ಮುಂದಿನ ಒಂದೆರಡು ವಾರಗಳಲ್ಲಿ ಶುರುಮಾಡಬಹುದು. ಗಲ್ಲಾ ದೋಸೆಯ ಕಾವಲಿಗೆ ಹತ್ತಿರವಿದ್ದರೆ ಆ ಹೊಗೆ ನಿಮ್ಮ ಕೆಮ್ಮಿಗೆ ಹಗೆ. ಸ್ಥಳ ಬದಲಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ವಾಂತಿಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಜೋರು ಓಕರಿಕೆಯಿಂದ ಹೊಲಿಗೆ ಬಿಟ್ಟು, ಸುತ್ತಿದ ಭಾಗ ಮತ್ತೆ ಎದೆಯೊಳಕ್ಕೆ ನುಗ್ಗಬಹುದು. ವಾಕರಿಕೆ ಶುರುವಾದ ಕೂಡಲೇ ಔಷಧಕ್ಕಾಗಿ ಫೋನ್ ಮಾಡಿ. ಓಕರಿಕೆ ನಿಲ್ಲದಿದ್ದರೆ, ಎಂಜಲೂ ಇಳಿಯದಿದ್ದರೆ, ಜ್ವರ, ತೀವ್ರ ಎದೆನೋವು ಅಥವಾ ಹೊಟ್ಟೆನೋವು, ಇದ್ದಕ್ಕಿದ್ದಂತೆ ಏದುಸಿರು, ಒಂದು ಕಾಲಿನ ಮೀನಖಂಡದಲ್ಲಿ ಬಾವು, ಕಪ್ಪು ಮಲ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು, ಮರುದಿನದ ಓಪಿಡಿಗೆ ಕಾಯಬಾರದು.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ, ಮುಲುಂಡಿನಲ್ಲಿದ್ದೇವೆ. ಅವರಿಗೂ ಇದೇ ಆಪರೇಷನ್ ಆಗಿ ಹನ್ನೆರಡು ದಿನವಾಯಿತು. ತೇಗು ಬರುವುದಿಲ್ಲವೆಂದು ಒದ್ದಾಡುತ್ತಾರೆ, ಹೊಟ್ಟೆಯುಬ್ಬರ, ಮಲಬದ್ಧತೆ ಇವೆ. ನೆರೆಯವರು ಸೋಡಾ ಕೊಡಿ, ಈನೋ ಕೊಡಿ, ಇಸಬಗೋಲ್ ಕೊಡಿ ಎನ್ನುತ್ತಾರೆ. ಹೊಲಿಗೆ ಬಿಚ್ಚುತ್ತದೆಂದು ಹೆದರಿ ಕೆಮ್ಮುವುದೂ ಇಲ್ಲ, ಆಸ್ಪತ್ರೆಯಿಂದ ತಂದ ಮೂರು ಚೆಂಡಿನ ಉಸಿರಿನ ಉಪಕರಣವನ್ನು ಮುಟ್ಟುವುದೂ ಇಲ್ಲ. ಏನು ಮಾಡಲಿ?

ಉತ್ತರ: ನೆರೆಯವರ ಮೂರು ಸಲಹೆಗಳೂ ಬೇಡ. ಸೋಡಾ, ಈನೋ ಎರಡೂ ಹೊಟ್ಟೆಯಲ್ಲಿ ಗಾಳಿಯನ್ನೇ ಹುಟ್ಟಿಸುತ್ತವೆ. ತೇಗಿನ ದಾರಿ ತೆರೆದಿರುವವರಿಗೆ ಅದರಿಂದ ಹಗುರೆನಿಸುತ್ತದೆ, ನಿಮ್ಮ ಅತ್ತೆಯವರಿಗೆ ಆ ಗಾಳಿ ಹೊರಬರಲು ಸದ್ಯಕ್ಕೆ ದಾರಿಯಿಲ್ಲ. ಇಸಬಗೋಲ್ ಇನ್ನೂ ಅಪಾಯ. ನೀರು ಹೀರಿ ಉಬ್ಬುವ ಆ ಹೊಟ್ಟು ಊದಿಕೊಂಡ ಅನ್ನನಾಳದಲ್ಲಿ ಸಿಕ್ಕಿದರೆ ಎಂಡೋಸ್ಕೋಪಿಯಲ್ಲಿ ತೆಗೆಯಬೇಕಾದೀತು. ಮಲ ಸಡಿಲಿಸಲು ಲ್ಯಾಕ್ಟುಲೋಸ್‌ನಂತಹ ದ್ರವ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಿ, ಏಕೆಂದರೆ ತಿಣುಕುವುದೂ ಹೊಲಿಗೆಗೆ ಒಳ್ಳೆಯದಲ್ಲ. ಓಮದ ನೀರನ್ನು ಉಗುರುಬೆಚ್ಚಗೆ ಕಾಲು ಲೋಟ ಗುಟುಕಿಸಿದರೆ ನನ್ನ ಆಕ್ಷೇಪವಿಲ್ಲ. ಉಣ್ಣುವಾಗ ಮಾತು ಬೇಡ, ಸ್ಟ್ರಾ ಬೇಡ, ಬಿಸಿ ಚಹಾವನ್ನು ಸೊರ್ರೆಂದು ಎಳೆಯುವ ಅಭ್ಯಾಸವಿದ್ದರೆ ಅದೂ ಬೇಡ. ಇವೆಲ್ಲ ಗಾಳಿ ನುಂಗುವ ದಾರಿಗಳು. ಮೇಲೆ ಬರಲಾಗದ ಗಾಳಿ ಕೆಳಗೆ ಹೋಗುತ್ತದೆ, ಅಪಾನವಾಯು ಹೆಚ್ಚುತ್ತದೆ. ಅತ್ತೆಯವರಿಗೆ ಸೊಸೆಯ ಮುಂದೆ ನಾಚಿಕೆಯಾಗಬಹುದು; ಇದು ಆಪರೇಷನ್ನಿನ ನಿರೀಕ್ಷಿತ ಫಲವೆಂದು ನೀವೇ ಮೊದಲು ಹೇಳಿಬಿಡಿ, ತಡೆಹಿಡಿದು ನೋವು ಪಡುವುದು ತಪ್ಪುತ್ತದೆ. ಬಹುಮಂದಿಗೆ ಕೆಲವು ತಿಂಗಳಲ್ಲಿ ಸಣ್ಣ ತೇಗು ಮರಳುತ್ತದೆ.

ಕೆಮ್ಮದೆ ಕಫ ಒಳಗೇ ಉಳಿದರೆ ಶ್ವಾಸಕೋಶದ ತಳಭಾಗ ಮುದುಡಿ ನ್ಯುಮೋನಿಯಾ ಆಗಬಹುದು, ಆಗ ಬರುವ ಕೆಮ್ಮನ್ನು ಯಾರೂ ತಡೆಯಲಾರರು. ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ತಬ್ಬಿಕೊಂಡು, ಮುಂದಕ್ಕೆ ಸ್ವಲ್ಪ ಬಾಗಿ ಎರಡು ಸಲ ಕೆಮ್ಮಲು ಕಲಿಸಿ. ಆ ಮೂರು ಚೆಂಡಿನ ಉಪಕರಣವನ್ನು ಊದಬಾರದು, ಒಳಕ್ಕೆ ಎಳೆಯಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಪುಗ್ಗೆಯಂತೆ ಊದಿ, ಚೆಂಡು ಏಳಲಿಲ್ಲವೆಂದು ಮೂಲೆಗೆ ಎಸೆದಿರುತ್ತಾರೆ. ಎಚ್ಚರವಿರುವ ಪ್ರತಿ ಗಂಟೆಗೆ ಹತ್ತು ಸಲ ಸಾಕು. ಮೊಮ್ಮಕ್ಕಳಿದ್ದರೆ ಚೆಂಡು ಎಣಿಸುವ ಕೆಲಸ ಅವರಿಗೆ ಕೊಡಿ. ಮಾತ್ರೆಗಳನ್ನು ಪುಡಿಮಾಡಿ ಕೊಡುತ್ತಿದ್ದರೆ, ಯಾವುದನ್ನು ಪುಡಿಮಾಡಬಾರದೆಂದು ಔಷಧದಂಗಡಿಯಲ್ಲಿ ಕೇಳಿಕೊಳ್ಳಿ. ಪ್ಯಾಂಟೊಪ್ರಜೋಲ್‌ನಂತಹ ಲೇಪನವಿರುವ ಮಾತ್ರೆ ಪುಡಿಯಾದರೆ ಕೆಲಸ ಮಾಡದು.

ಪ್ರಶ್ನೆ: ಪುಣೆಯಲ್ಲಿ ಸಾಫ್ಟ್‌ವೇರ್ ಉದ್ಯೋಗಿ, 34 ವರ್ಷ. ಒಂದು ವರ್ಷದಿಂದ ಒಣಕೆಮ್ಮು. ಅಸಿಡಿಟಿಯಿಂದ ಎಂದು ಮಾತ್ರೆ ಕೊಟ್ಟರು, ದಿನಕ್ಕೆ ಎರಡರಂತೆ ಮೂರು ತಿಂಗಳು ನುಂಗಿದರೂ ಗುಣವಿಲ್ಲ. ಎದೆಯುರಿ ಇಲ್ಲ. ನೇರವಾಗಿ ಆಪರೇಷನ್ ಮಾಡಿಸಲೇ?

ಉತ್ತರ: ಈಗಲೇ ಬೇಡ. ಮಾತ್ರೆಗೆ ಬಗ್ಗದ ಕೆಮ್ಮಿಗೆ ಕತ್ತರಿಯೇ ಮದ್ದು ಎಂಬ ತರ್ಕ ತಪ್ಪು. ಎದೆಯುರಿಯೂ ಇಲ್ಲ, ಮಾತ್ರೆಯಿಂದ ಗುಣವೂ ಇಲ್ಲ ಎಂದರೆ ಕಾರಣ ಆಮ್ಲವೇ ಅಲ್ಲದಿರುವ ಸಂಭವ ಹೆಚ್ಚು. ಮೊದಲು ಎದೆಯ ಎಕ್ಸ್‌ರೇ ಮಾಡಿಸಿ, ನಮ್ಮ ದೇಶದಲ್ಲಿ ಕ್ಷಯವನ್ನು ತಳ್ಳಿಹಾಕದೆ ಮುಂದೆ ಹೋಗುವಂತಿಲ್ಲ. ಮೂಗಿನ ಹಿಂಭಾಗದಿಂದ ಇಳಿಯುವ ಸಿಂಬಳ, ಕೆಮ್ಮಾಗಿ ಮಾತ್ರ ತೋರುವ ಉಬ್ಬಸ, ರಕ್ತದೊತ್ತಡಕ್ಕೆ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದರೆ ಆ ಮಾತ್ರೆ, ಇವನ್ನೆಲ್ಲ ನೋಡಬೇಕು. ಇಷ್ಟಾದ ಮೇಲೂ ಸಂಶಯ ಉಳಿದರೆ 24 ಗಂಟೆಗಳ ಪಿಎಚ್ ಮತ್ತು ಇಂಪೀಡೆನ್ಸ್ ಪರೀಕ್ಷೆ ಮಾಡಿಸಿ. ಮೂಗಿನಿಂದ ಇಳಿಸಿದ ತೆಳ್ಳನೆಯ ತಂತಿ, ರಸ ಎಷ್ಟು ಸಲ ಮೇಲೆ ಬಂತು, ಅದರ ಬೆನ್ನಿಗೇ ಕೆಮ್ಮು ಬಂತೇ ಎಂಬುದನ್ನು ದಾಖಲಿಸುತ್ತದೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿಯೂ ಆಗಲೇಬೇಕು. ಅನ್ನನಾಳಕ್ಕೆ ತಳ್ಳುವ ಶಕ್ತಿಯೇ ಇಲ್ಲದವರಿಗೆ ಬಿಗಿ ಕವಾಟ ಕಟ್ಟಿದರೆ ನುಂಗುವುದೇ ನಿಂತುಹೋಗುತ್ತದೆ. ಅಲ್ಲಿಯವರೆಗೆ ರಾತ್ರಿಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ, ಮಂಚದ ತಲೆದಿಕ್ಕಿನ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಆರೆಂಟು ಇಂಚು ಎತ್ತರಿಸಿ, ಎಡಮಗ್ಗುಲಿಗೆ ಮಲಗಿ. ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಮತ್ತೊಮ್ಮೆ ಬರೆಯಿರಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಸೇರಿಸಿ.